ಹುಳದ ಮನೆ ಬಾಗಿಲಲ್ಲಿಟ್ಟ ನೀರು

ನಾನು ಹುಟ್ಟಿನಿಂದ ಪುಕ್ಕಲಿ. ಬಸ್ಸು ತಪ್ಪೀತೆಂದು ಹೆದರಿ ಅರ್ಧ ಗಂಟೆ ಮುಂಚೆಯೇ ಹಲಗೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುವವಳು. ಬಸ್ಸು ಬಂದ ಮೇಲೆ, ಬೋರ್ಡು ಕಣ್ಣಿಗೆ ರಾಚುತ್ತಿದ್ದರೂ, ಇದು ಮಳವಳ್ಳಿಗೆ ತಾನೇ ಎಂದು ಇಬ್ಬರನ್ನು ಕೇಳಿಯೇ ಹತ್ತುವವಳು. ನಿನ್ನದು ಗುಬ್ಬಿ ಜೀವ ಎಂದು ನಮ್ಮವ್ವ ಆಡಿಕೊಳ್ಳುತ್ತಾಳೆ. ಅಂಥ ನನಗೆ ನಮ್ಮೂರ ಮಹಿಳಾ ಸಂಘದ ಕಾಗದಪತ್ರ ಬರೆಯುವ ಕೆಲಸ, ಪರದೇಶದವರು ಬಂದರೆ ಅವರ ಮಾತನ್ನು ನಮ್ಮವರಿಗೂ ನಮ್ಮವರ ಮಾತನ್ನು ಅವರಿಗೂ ದಾಟಿಸುವ ಕೆಲಸ ಬಿತ್ತು. ಮಳವಳ್ಳಿ ಕಾಲೇಜಿನಲ್ಲಿ ಬಿ.ಎ. ಓದಿದ್ದೇ ತಪ್ಪಾಯಿತು.

ನಮ್ಮೂರು ಹಲಗೂರಿನಿಂದ ನಡೆದರೆ ಒಂದು ಗಂಟೆಯ ದಾರಿ. ಮೂವತ್ತು ಮನೆಯವರಿಗೆ ಹಿಪ್ಪುನೇರಳೆ ತೋಟವಿದೆ. ರೇಷ್ಮೆ ಹುಳ ಸಾಕಿದವರಿಗೆ ಗೊತ್ತು, ಮೊಟ್ಟೆಯೊಡೆದ ಮೊದಲ ಹತ್ತು ದಿನ ಅದು ಹುಳವಲ್ಲ, ಬಾಣಂತಿ ಮನೆಯ ಕೂಸು. ಸೆಕೆ ಹೆಚ್ಚಾಗಬಾರದು, ಗಾಳಿ ಬೀಸಬಾರದು, ಎಳೇ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಮನೆಯಲ್ಲಿ ಹುಳವಿದ್ದಾಗ ಊದುಬತ್ತಿ ಹಚ್ಚುವುದಿಲ್ಲ, ಮೆಣಸಿನಕಾಯಿ ಹುರಿಯುವುದಿಲ್ಲ, ಸೊಳ್ಳೆಬತ್ತಿಯ ಹೆಸರೆತ್ತುವುದಿಲ್ಲ. ಈ ಎಳೆಯ ಹುಳಕ್ಕೆ ಚಾಕಿ ಎನ್ನುತ್ತಾರೆ. ಚಾಕಿ ಚೆನ್ನಾಗಿದ್ದರೆ ಗೂಡು ಚೆನ್ನಾಗಿರುತ್ತದೆ, ಚಾಕಿ ಕೆಟ್ಟರೆ ಆ ಬೆಳೆ ಕೆಟ್ಟಿತು ಎಂದೇ ಲೆಕ್ಕ.

ನಾನು ಚಿಕ್ಕವಳಿದ್ದಾಗ ಹುಳದ ಮನೆಗಳೆಲ್ಲ ಇದ್ದದ್ದು ಮೇಲಿನ ಕೇರಿಯಲ್ಲಿ. ನಮ್ಮದು ಕೆಳಗಿನ ಕೇರಿ, ಗೋಡೆಯ ಮೇಲೆ ಬುದ್ಧನ ಪಟ ಇರುವ ಮನೆಗಳು. ಅವ್ವ ಬೆಳಗಾದರೆ ಮೇಲಿನ ಕೇರಿಯವರ ತೋಟದಲ್ಲಿ ಸೊಪ್ಪು ಕೊಯ್ದು, ಹೊರೆ ಹೊತ್ತು, ಹುಳದ ಮನೆ ಬಾಗಿಲಲ್ಲಿ ಇಳಿಸುತ್ತಿದ್ದಳು. ಬಾಗಿಲಿಂದಾಚೆ ಹೋದವಳಲ್ಲ. ಹುಳ ಸೂಕ್ಷ್ಮ, ಮೈಲಿಗೆ ತಡೆಯೋದಿಲ್ಲ, ಸತ್ತುಹೋಗುತ್ತವೆ ಎನ್ನುತ್ತಿದ್ದರು. ಅವಳು ಹೊತ್ತ ಸೊಪ್ಪು ತಿಂದು ಸಾಯದ ಹುಳ ಅವಳ ನೆರಳು ಬಿದ್ದರೆ ಹೇಗೆ ಸಾಯುತ್ತದೆ ಎಂದು ನಾನು ಒಮ್ಮೆ ಕೇಳಿದೆ. ಅವ್ವ ನನ್ನ ತಲೆಗೆ ಮೊಟಕಿ, ಬಾಯಿ ಮುಚ್ಚಿಕೊಂಡು ನಡಿ ಎಂದಳು. ಸೊಪ್ಪು ಮುಟ್ಟುವ ಮೊದಲು ಕೈ ತೊಳಿ ಎಂದು ಅವರು ಅವಳ ಕೈಮೇಲೆ ಎತ್ತರದಿಂದ ನೀರು ಹೊಯ್ಯುತ್ತಿದ್ದದ್ದು ಇನ್ನೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಕಾಲ ಬದಲಾಯಿತು ಎನ್ನುತ್ತಾರೆ. ಅದು ತಾನಾಗಿ ಬದಲಾಗಲಿಲ್ಲ. ಎರಡು ಕೇರಿಯ ಹೆಂಗಸರೂ ಸೇರಿ ಊರಿಗೆಲ್ಲ ಒಂದೇ ಚಾಕಿ ಮನೆ ಕಟ್ಟಿ, ಎಳೆ ಹುಳವನ್ನು ಅಲ್ಲೇ ಸಾಕಿ ಆಮೇಲೆ ಮನೆಮನೆಗೆ ಹಂಚೋಣ ಎಂದು ಹೊರಟಾಗ, ಎಷ್ಟು ಮನೆಯಲ್ಲಿ ತಟ್ಟೆ ಲೋಟ ಹಾರಾಡಿದವೋ ಲೆಕ್ಕವಿಲ್ಲ. ಆಗ ಜೊತೆಗೆ ನಿಂತವರು ಪೂರ್ವದ ಕಡೆಯ ಒಂದು ಬೆಟ್ಟದ ದೇಶದ ಹೆಂಗಸರು. ಅವರೂ ಬಡವರು, ಹುಳ ಸಾಕಿ ತಾವೇ ನೂಲು ತೆಗೆದು ನೇಯುವವರು. ಅವರ ಸಹಕಾರ ಸಂಘ ತಮ್ಮ ಸಂತೆಯಲ್ಲಿ ಬಟ್ಟೆ ಮಾರಿದ್ದರಲ್ಲೇ ಒಂದು ಪಾಲು ತೆಗೆದಿಟ್ಟು ನಮ್ಮ ಚಾಕಿ ಮನೆಯ ಚಾವಣಿಗೆ ಕೊಟ್ಟಿತು. ಅದಕ್ಕೆ ಬದಲಾಗಿ ಅವರು ಕೇಳಿದ್ದು ಒಂದೇ. ತಿಂಗಳಿಗೊಮ್ಮೆ ಫೋನಿನಲ್ಲಿ ಮುಖ ನೋಡಿ ಮಾತಾಡಬೇಕು, ಚೆನ್ನಾಗಿದ್ದದ್ದನ್ನೂ ಕೆಟ್ಟದ್ದನ್ನೂ ಎರಡು ಕಡೆಯವರೂ ಮುಚ್ಚಿಡದೆ ಹೇಳಬೇಕು.

ಚಾಕಿ ಮನೆ ಎದ್ದ ದಿನ ನಮ್ಮ ಅಧ್ಯಕ್ಷೆ, ಮೇಲಿನ ಕೇರಿಯ ಗಟ್ಟಿಗಿತ್ತಿ, ಒಳಗೆ ಬರುವವರು ಕೈಕಾಲು ತೊಳೆಯಬೇಕೆಂದು ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಬೇಸಿನ್ ಇಟ್ಟಳು. ನಮ್ಮ ಕೇರಿಯ ಹೆಂಗಸರು ಮುಖ ಮುಖ ನೋಡಿಕೊಂಡರು. ಅವತ್ತು ಬಾಯಿ ತೆರೆದವಳು ನಮ್ಮವ್ವ. "ತೊಳುದ್ರೆ ಎಲ್ರೂ ತೊಳೀಬೇಕು. ನೀನೂ ತೊಳೀಬೇಕು, ದೇವ್ರೇ ಬಂದ್ರೂ ತೊಳೀಬೇಕು. ಇಲ್ಲಾಂದ್ರೆ ಆ ನೀರ ಎತ್ತಿ ಚೆಲ್ಬುಡು," ಎಂದಳು. ಅಧ್ಯಕ್ಷೆ ಸೀರೆ ಎತ್ತಿಕಟ್ಟಿ ಮೊದಲು ತಾನೇ ತೊಳೆದಳು. ಅದು ಚಾಕಿ ಮನೆಯ ಕಾನೂನಾಯಿತು.

ಹೋದ ವರ್ಷ ಆ ಬೆಟ್ಟದ ದೇಶದಿಂದ ಒಬ್ಬ ನೇಕಾರ ಹೆಂಗಸು ನಮ್ಮಲ್ಲಿಗೆ ಬಂದಳು. ನಮ್ಮವ್ವನಿಗಿಂತ ನಾಲ್ಕೈದು ವರ್ಷ ಚಿಕ್ಕವಳು, ಕುಳ್ಳಗೆ, ಕೈಬೆರಳಿನ ತುದಿಯೆಲ್ಲ ನೂಲು ಕೊಯ್ದು ಗೆರೆ ಬಿದ್ದಿದ್ದವು. ತಡವರಿಸುವ ಇಂಗ್ಲಿಷು. ನನ್ನದೂ ಅಷ್ಟೇ, ಹಾಗಾಗಿ ಇಬ್ಬರಿಗೂ ಹೊಂದಿತು. ಅವಳನ್ನು ನಮ್ಮ ಮನೆಯಲ್ಲೇ ಇಳಿಸಿಕೊಂಡಿದ್ದೆವು. ಬೆಳಗ್ಗೆ ಎದ್ದು ನೋಡಿದರೆ ಅವಳ ಎರಡೂ ತೋಳು ಸೊಳ್ಳೆ ಕಚ್ಚಿ ಕೆಂಪಗೆ ಊದಿಕೊಂಡಿದ್ದವು. ಅವರ ಬೆಟ್ಟದಲ್ಲಿ ಚಳಿಗೆ ಸೊಳ್ಳೆಯೇ ಇಲ್ಲವಂತೆ. ನನಗೆ ಜೀವ ಬಾಯಿಗೆ ಬಂತು. ಆ ದಿನಗಳಲ್ಲಿ ಮಳವಳ್ಳಿ ಆಸ್ಪತ್ರೆಯಲ್ಲಿ ಡೆಂಗಿ ಜ್ವರದವರೇ ಮಲಗಿದ್ದರು. ಊರು ಬಿಟ್ಟು ಊರಿಗೆ ಬಂದವಳಿಗೆ ಏನಾದರೂ ಆದರೆ ಗತಿಯೇನು ಎಂದು ನನ್ನ ಬ್ಯಾಗಿನಲ್ಲಿದ್ದ ಸೊಳ್ಳೆ ಕ್ರೀಮನ್ನು ಅವಳ ಕೈಗೆ ಕೊಟ್ಟು, ಮೊಣಕೈವರೆಗೂ ಚೆನ್ನಾಗಿ ಉಜ್ಜಿಕೊಳ್ಳಲು ಹೇಳಿದೆ. ಅವಳು ಹೇಳಿದ ಹಾಗೆ ಉಜ್ಜಿಕೊಂಡಳು. ಟ್ಯೂಬನ್ನೂ ಇಟ್ಟುಕೋ ಎಂದೆ.

ಅವತ್ತು ಹುಳ ಮೊದಲ ಜ್ವರದಿಂದ ಎದ್ದ ದಿನ. ಹುಳ ಮೇವು ಬಿಟ್ಟು ಅಲ್ಲಾಡದೆ ಕೂತು ಹಳೆಯ ಚರ್ಮ ಕಳಚುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರ ಬಿಟ್ಟು ಹಸಿದು ಎದ್ದ ಹುಳಕ್ಕೆ ಮೊದಲ ಸೊಪ್ಪನ್ನು ಕೈಗುಣ ಚೆನ್ನಾಗಿರುವವರಿಂದ ಹಾಕಿಸುವುದು ರೂಢಿ. ಅಷ್ಟು ದೂರದಿಂದ ಬಂದವಳು, ಚಾವಣಿಗೆ ಕೈಜೋಡಿಸಿದವಳು, ಅವಳ ಕೈಗಿಂತ ಒಳ್ಳೆಯ ಕೈ ಯಾವುದು ಎಂದು ಅಧ್ಯಕ್ಷೆ ಹಿಂದಿನ ದಿನವೇ ನಿಶ್ಚಯ ಮಾಡಿದ್ದಳು.

ಚಾಕಿ ಮನೆಯ ಬಾಗಿಲಲ್ಲಿ ನಾವೆಲ್ಲ ಒಬ್ಬೊಬ್ಬರಾಗಿ ಬೇಸಿನ್ನಿಗೆ ಕೈ ಅದ್ದಿ, ಕಾಲಿಗೆ ನೀರು ಹಾಕಿಕೊಂಡು ಒಳಗೆ ಹೋದೆವು. ನೆಂಟಳು ಗೇಟಿನ ಹತ್ತಿರದಿಂದಲೇ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಬಂದಳು. ಸೆಕೆಗೆ ಇರಬೇಕು ಎಂದುಕೊಂಡೆ. ಅವಳು ಬಾಗಿಲಿಗೆ ಬಂದಾಗ ಅಧ್ಯಕ್ಷೆ ನನ್ನ ಮುಖ ನೋಡಿದಳು. ಕೈ ತೊಳೆದುಕೊಂಡು ಒಳಗೆ ಬಾ ಎಂದು ನಾನು ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ನಾಲ್ಕೈದು ಪದ. ನನ್ನ ಬಾಯಿಂದ ಹೊರಡಲಿಲ್ಲ. ಬಾಗಿಲಿಗೆ ಬಂದವರಿಗೆ ಕೈ ತೊಳಿ ಎನ್ನುವ ಮಾತನ್ನು ನಮ್ಮವ್ವನಿಗೆ ಹೇಳಿದ್ದನ್ನಷ್ಟೇ ಕೇಳಿ ಬೆಳೆದವಳು ನಾನು. ಅದನ್ನು ನನ್ನ ಬಾಯಿಂದಲೇ, ನಮಗೆ ಸೂರು ಕೊಟ್ಟವಳಿಗೆ ಹೇಳುವುದೇ? ನಾನು ಸುಮ್ಮನಿದ್ದದ್ದನ್ನು ನೋಡಿ ಅಧ್ಯಕ್ಷೆಗೂ ಸಂಕೋಚವಾಯಿತೋ ಏನೋ, ಬೇಸಿನ್ನನ್ನು ಕಾಲಲ್ಲಿ ಪಕ್ಕಕ್ಕೆ ಸರಿಸಿ, ಬನ್ನಿ ಬನ್ನಿ ಎಂದು ನೆಂಟಳ ಕೈ ಹಿಡಿದು ಒಳಗೆ ಕರೆದುಕೊಂಡಳು.

ಅವಳು ಬಾಗಿಲ ಪಕ್ಕದ ಸಾಲಿನ ಹತ್ತು ಟ್ರೇಗೂ ಹೆಚ್ಚಿದ ಸೊಪ್ಪನ್ನು ತೆಳ್ಳಗೆ ಉದುರಿಸಿದಳು. ಏನು ಕೈ ಅದು! ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ಅವ್ವ ಅವಳ ಪಕ್ಕ ನಿಂತು, ಕೆಲಸ ಬಲ್ಲವಳು ಕಣೇ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಉಳಿದ ಸಾಲುಗಳಿಗೆ ಅವ್ವ ಮತ್ತು ಇತರರು ಹಾಕಿದರು. ಫೋಟೋ ತೆಗೆದೆವು, ಪಾಯಸ ಉಂಡೆವು.

ಮಧ್ಯಾಹ್ನ ಅವಳನ್ನು ಮದ್ದೂರಿನಲ್ಲಿ ರೈಲು ಹತ್ತಿಸಲು ಕಾರಿನಲ್ಲಿ ಹೊರಟೆವು. ಮಳವಳ್ಳಿ ದಾಟಿ ಸ್ವಲ್ಪ ದೂರ ಹೋಗಿರಬೇಕು, ಅವಳು ಚೀಲದಿಂದ ಆ ಟ್ಯೂಬು ತೆಗೆದು ತೋಳಿಗೆ ಮತ್ತೊಮ್ಮೆ ಉಜ್ಜಿಕೊಳ್ಳತೊಡಗಿದಳು. ಕಾರಿನ ತುಂಬ ಅದರ ಘಾಟು ಹರಡಿತು. ಬೆಳಗ್ಗೆ ನಾನೇ ಕೊಟ್ಟ ಕ್ರೀಮು. ತೊಳೆಯದ ಕೈ. ಹತ್ತು ಟ್ರೇ. ಅಷ್ಟು ಹೊತ್ತೂ ಈ ಮೂರನ್ನೂ ಒಟ್ಟಿಗೆ ಇಟ್ಟು ನಾನು ಯೋಚಿಸಿರಲೇ ಇಲ್ಲ. ಕೈ ತೊಳೆಯುವುದು ನನ್ನ ತಲೆಯಲ್ಲಿ ಅವಮಾನದ ವಿಷಯವಾಗಿತ್ತು, ಹುಳದ ವಿಷಯವೇ ಆಗಿರಲಿಲ್ಲ.

ಅವಳು ಕಿಟಕಿಯಾಚೆ ಕಬ್ಬಿನ ಗದ್ದೆ ತೋರಿಸಿ ಏನೇನೋ ಕೇಳುತ್ತಿದ್ದಳು. ನಾನು ಹೂಂ ಹೂಂ ಎನ್ನುತ್ತಿದ್ದೆ. ಫೋನ್ ಮಾಡಿ ಅಧ್ಯಕ್ಷೆಗೆ ಹೇಳಿಬಿಡಲೇ? ಹೇಳಿದರೂ ತಿಂದ ಸೊಪ್ಪನ್ನು ಹುಳದ ಹೊಟ್ಟೆಯಿಂದ ತೆಗೆಯಲಾಗುತ್ತದೆಯೇ? ಏನೂ ಆಗದೆಯೂ ಇರಬಹುದಲ್ಲ? ಹೀಗೆ ಯೋಚಿಸುತ್ತಲೇ ಸ್ಟೇಷನ್ ಬಂತು. ಅವಳು ನನ್ನನ್ನು ಅಪ್ಪಿಕೊಂಡಳು. ಆ ಘಾಟು ನನ್ನ ಸೀರೆಗೂ ಹತ್ತಿತು. ಕಾರಿನವನು ಸೋಮನಹಳ್ಳಿ ಕಡೆ ಬೇರೆ ಬಾಡಿಗೆಗೆ ಹೋದ. ನಾನು ಬಸ್ಸು ಹಿಡಿದು ಮಳವಳ್ಳಿಗೆ, ಅಲ್ಲಿಂದ ಹಲಗೂರಿಗೆ ಬಂದೆ. ಅವತ್ತು ಬಸ್ಸು ಎಲ್ಲಿಗೆ ಎಂದು ಯಾರನ್ನೂ ಕೇಳಲಿಲ್ಲ, ನನಗೆ ಅದರ ನೆನಪೇ ಆಗಲಿಲ್ಲ.

ಹುಳ ಸಾಯುತ್ತದೆ ಎನ್ನುವುದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಹುಳ ಸತ್ತರೆ ಊರು ಏನು ಹೇಳುತ್ತದೆ ಎಂದು ನನಗೆ ಗೊತ್ತಿತ್ತು. ಎರಡು ಕೇರಿಯವರೂ ಸೇರಿ ಮುಟ್ಟಿದರೆ ಹೀಗೆಯೇ ಆಗುವುದು ಎಂದು ಕಾಯುತ್ತಿದ್ದವರು ಊರಲ್ಲಿ ಕಡಿಮೆಯಿರಲಿಲ್ಲ. ಮೂವತ್ತು ಮನೆಯ ಬೆಳೆಯ ಜೊತೆಗೆ ಆ ಮನೆಯ ಬಾಗಿಲೂ ನಮ್ಮ ಪಾಲಿಗೆ ಮುಚ್ಚುತ್ತದೆ, ಅವ್ವ ಮತ್ತೆ ಹೊರೆ ಇಳಿಸಿ ಅಲ್ಲೇ ನಿಲ್ಲುತ್ತಾಳೆ ಎಂದು ಬಸ್ಸಿನಲ್ಲಿ ಕೂತಲ್ಲೇ ನನಗೆ ಕಾಣತೊಡಗಿತು.

ಸಂಜೆ ಮೇವಿನ ಹೊತ್ತಿಗೆ ಚಾಕಿ ಮನೆ ಸೇರಿದೆ. ಮೈಮೇಲಿನ ಸೀರೆಗೆ ಹೆದರಿ ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತೆ. ಬಾಗಿಲ ಪಕ್ಕದ ಸಾಲಿನ ಟ್ರೇಗಳ ಮೇಣದ ಕಾಗದ ಸರಿಸಿತ್ತು. ದಾರದೆಳೆಯಷ್ಟಿದ್ದ ಹುಳಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಕೆಲವು ಹಸಿರು ನೀರು ಕಾರಿ ಮುದುಡಿಕೊಂಡಿದ್ದವು. ಎಲ್ಲ ಹತ್ತು ಟ್ರೇಯಲ್ಲೂ ಹಾಗೆಯೇ. ಪಕ್ಕದ ಸಾಲುಗಳಲ್ಲಿ ಹುಳ ಮೇಯುತ್ತಿದ್ದವು. ಅಧ್ಯಕ್ಷೆ ಕೆಟ್ಟ ಟ್ರೇಗಳನ್ನು ಹೊರಗಿನ ಚಪ್ಪರಕ್ಕೆ ಸಾಗಿಸಲು ಹೇಳಿದಳು. ನನ್ನತ್ತ ಒಮ್ಮೆ ನೋಡಿದಳು. ನಾನು ನೆಲ ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ನಾನು ಯಾರೂ ಏನೂ ಅನ್ನುವ ಮೊದಲೇ ಸೆರಗನ್ನು ಮೂಗಿಗೆ ಹಿಡಿದು ಮೂಸಿ ನೋಡಿಕೊಳ್ಳುತ್ತಿದ್ದೆ.

ಮಾರನೆಯ ಬೆಳಗ್ಗೆ ಸುದ್ದಿ ಊರೆಲ್ಲ ಹರಡಿತ್ತು. ಹಾಲಿನ ಡೇರಿಯ ಮುಂದೆ ಸಾಲಿನಲ್ಲಿ ನಿಂತಾಗ ಹಿಂದಿನಿಂದ ಒಬ್ಬ ಮುದುಕ ಇನ್ನೊಬ್ಬನಿಗೆ ಹೇಳಿದ್ದು ನನಗೆ ಕೇಳಿಸಲಿ ಎಂದೇ ಹೇಳಿದಂತಿತ್ತು. "ಉಳ ಅಂದ್ರೆ ಸುಮ್ನೆ ಅಲ್ಲ ಕಣ್ಲಾ. ಯಾರ್ ಯಾರ್ ಕೈಯೋ ಬಿದ್ರೆ ಇನ್ನೇನಾದದು?" ನಾನು ತಿರುಗಿ ನೋಡಲಿಲ್ಲ. ಕ್ಯಾನಿನ ಹಾಲು ಅಳೆದುಕೊಟ್ಟು ಹೊರಟೆ.

ಅಲ್ಲಿಂದ ಚಾಕಿ ಮನೆಗೆ ಹೋದರೆ ಅವ್ವ ಹೊರಗೆ ಕೂತಿದ್ದಳು. ಬಾಗಿಲಿನಿಂದ ನಾಲ್ಕು ಮಾರು ದೂರ, ನೆಲದ ಮೇಲೆ, ಸೊಪ್ಪಿನ ಹೊರೆ ಪಕ್ಕದಲ್ಲಿಟ್ಟುಕೊಂಡು. ಯಾಕವ್ವ ಒಳಗೆ ಹೋಗಲಿಲ್ಲ ಎಂದೆ. ಎರಡೂ ಕೈಗಳನ್ನು ಮಡಿಲಲ್ಲಿ ಮೇಲ್ಮುಖ ಮಾಡಿ ಇಟ್ಟುಕೊಂಡಿದ್ದಳು. ಬ್ಲೀಚಿಂಗ್ ನೀರಿನಲ್ಲಿ ಮತ್ತೆ ಮತ್ತೆ ತೊಳೆದು ಅಂಗೈ ಸುಲಿದ ಹಾಗಾಗಿತ್ತು.

"ಆ ಸಾಲ ಪಕ್ಕ ನಾನೂ ನಿಂತಿದ್ನಲ್ಲವ್ವ," ಎಂದಳು. "ನಂದೇ ಏನಾರ ಇದ್ದದು."

ಅರವತ್ತು ದಾಟಿದ ಹೆಂಗಸು. ದೇವರೇ ಬಂದರೂ ತೊಳೆಯಬೇಕು ಎಂದವಳು. ಒಂದೇ ಬೆಳಗಿನಲ್ಲಿ ಅವಳನ್ನು ಮತ್ತೆ ಬಾಗಿಲಾಚೆ ಕೂರಿಸಿದ್ದು ಡೇರಿಯ ಮುದುಕನಲ್ಲ, ನಾನು. ನನಗೆ ನನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ ಹೆದರಿಕೆ ಹಿಂದೆ ಸರಿಯಿತು. ಅಧ್ಯಕ್ಷೆಯನ್ನೂ ಒಳಗಿದ್ದವರನ್ನೂ ಹೊರಗೆ ಕರೆದೆ. ನಿಂತ ನಿಲುವಿನಲ್ಲೇ ಎಲ್ಲ ಹೇಳಿದೆ. ಕ್ರೀಮು ಕೊಟ್ಟದ್ದು, ಬಾಗಿಲಲ್ಲಿ ಮಾತು ನುಂಗಿದ್ದು, ಕಾರಿನಲ್ಲಿ ಗೊತ್ತಾದರೂ ಬಾಯಿ ಬಿಡದೆ ಇದ್ದದ್ದು. ಹೇಳಿ ಮುಗಿಯುವಷ್ಟರಲ್ಲಿ ಬಿಕ್ಕುತ್ತಿದ್ದೆ.

ಅಧ್ಯಕ್ಷೆ ನನ್ನನ್ನು ಬಯ್ಯುತ್ತಾಳೆ ಎಂದುಕೊಂಡೆ. ಅವಳು ಅವ್ವನ ಪಕ್ಕ ಹೋಗಿ ನೆಲದ ಮೇಲೆ ಕುಕ್ಕರಿಸಿದಳು.

"ನಂಗೂ ವಾಸ್ನೆ ಬಂದಿತ್ತು ಕಣಮ್ಮ," ಎಂದಳು. "ಕೈ ಇಡ್ಕಂಡಾಗ್ಲೇ ಬಂತು. ಮನೇಗ್ ಬಂದೋರ ಕೈ ಮೂಸಿ ತೊಳಿ ಅನ್ನಕಾಯ್ತದಾ ಅಂತ ಸುಮ್ಕಾದೆ."

ಇನ್ನೊಬ್ಬಳೂ ತನಗೆ ಘಾಟು ಬಡಿದಿತ್ತು ಎಂದಳು. ನೋಡಿದರೆ ಮೂರು ಜನಕ್ಕೆ ಗೊತ್ತಿತ್ತು. ಮರ್ಯಾದೆಗೆ ಅಂಜಿ ಮೂವರೂ ತುಟಿ ಹೊಲಿದುಕೊಂಡಿದ್ದೆವು. ಅಷ್ಟು ಹೊತ್ತಿಗೆ ಎರಡನೆಯ ಮೇವಿನ ಸಮಯವಾಗುತ್ತಿತ್ತು. ಅಧ್ಯಕ್ಷೆ ಎದ್ದು, ಅವ್ವನ ರಟ್ಟೆ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು. ಬಾಗಿಲಲ್ಲಿ ಇಬ್ಬರೂ ಕೈ ತೊಳೆದರು. ಡೇರಿಯ ಮುದುಕನಿಗೆ ಉತ್ತರ ಹೇಳಿ ಬರಲು ಮಧ್ಯಾಹ್ನ ಅವಳೇ ಹೋದಳಂತೆ. ಅಲ್ಲಿ ಏನು ಹೇಳಿದಳೆಂದು ಯಾರೂ ನನಗೆ ಹೇಳಲಿಲ್ಲ, ಆದರೆ ಮುದುಕ ನಾಲ್ಕು ದಿನ ಡೇರಿಯ ಕಡೆ ಸುಳಿಯಲಿಲ್ಲ.

ಸತ್ತ ಹುಳಗಳನ್ನು ಸುಣ್ಣ ಹಾಕಿ ಹೂತೆವು. ಉಳಿದದ್ದನ್ನು ಮೂವತ್ತು ಮನೆಗೂ ಸಮನಾಗಿ ಹಂಚಿದೆವು, ಎಲ್ಲರಿಗೂ ಸ್ವಲ್ಪ ಸ್ವಲ್ಪ ಕಡಿಮೆಯಾಯಿತು. ಕ್ರೀಮಿನಿಂದಲೇ ಸತ್ತವು ಎಂದು ಯಾವ ಪರೀಕ್ಷೆಯೂ ಹೇಳಿಲ್ಲ, ನಾವು ಮಾಡಿಸಲೂ ಇಲ್ಲ. ಆದರೆ ಅವಳು ಸೊಪ್ಪು ಹಾಕಿದ ಹತ್ತು ಟ್ರೇ ಬಿಟ್ಟು ಬೇರೆ ಒಂದರಲ್ಲೂ ಹುಳ ಸಾಯಲಿಲ್ಲ.

ಇಷ್ಟಕ್ಕೆ ಮುಗಿಯಿತು ಎಂದುಕೊಳ್ಳುವಾಗ ತಿಂಗಳ ಫೋನಿನ ದಿನ ಹತ್ತಿರ ಬಂತು. ನನಗೆ ಮತ್ತೆ ನಿದ್ದೆ ಹೋಯಿತು. ಹೇಳಿದರೆ ಅವಳು ಏನೆಂದುಕೊಳ್ಳುತ್ತಾಳೆ? ನಿನ್ನ ಕೈಯಿಂದ ನಮ್ಮ ಹುಳ ಸತ್ತವು ಎಂದು, ಸೂರು ಕೊಟ್ಟ ಕೈಗೆ ಹೇಳುವುದು ಹೇಗೆ? ನೊಂದುಕೊಂಡು ನಮ್ಮ ಸಹವಾಸವೇ ಬೇಡ ಎಂದರೆ? ಸಂಘದ ಸಭೆಯಲ್ಲಿ ಹಲವರು, ಪಾಪ, ನೆಂಟರ ಮನಸ್ಸು ಯಾಕೆ ನೋಯಿಸಬೇಕು, ಎಲ್ಲ ಚೆನ್ನಾಗಿದೆ ಎಂದುಬಿಡು ಎಂದರು. ನನಗೂ ಅದೇ ಬೇಕಾಗಿತ್ತು. ಮೂಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅವ್ವ ತಲೆ ಎತ್ತಲಿಲ್ಲ.

"ನೆಂಟ್ರು ಅಂದ್ಕಂಡಿದ್ಕೇ ಇಂಗಾಗಿದ್ದು ಕಣ್ರವ್ವ," ಎಂದಳು. "ನಮ್ಮೋಳು ಅಂದ್ಕಂಡಿದ್ರೆ ಕೈ ತೊಳ್ಯೆ ಅಂತಿರ್ನಿಲ್ವಾ?"

ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದು ಅಧ್ಯಕ್ಷೆ ನನಗೆ ಹೇಳಿ ಸಭೆ ಮುಗಿಸಿದಳು.

ಫೋನಿನ ದಿನ ಚಾಕಿ ಮನೆಯ ಜಗುಲಿಯಲ್ಲಿ ಎಲ್ಲರೂ ನನ್ನ ಸುತ್ತ ಕೂತರು. ಪರದೆಯಲ್ಲಿ ಅವಳ ಮುಖ ಬಂತು. ನಮಸ್ಕಾರವಾದ ಕೂಡಲೇ ಅವಳು ಕೇಳಿದ ಮೊದಲ ಮಾತು, ಹುಳ ಹೇಗಿವೆ ಎಂದು. ಒಂದೊಂದೇ ಪದ ಹುಡುಕಿ ಹೇಳಿದೆ. ಹತ್ತು ಟ್ರೇ. ನಾನು ಕೊಟ್ಟ ಕ್ರೀಮು. ಬಾಗಿಲಲ್ಲಿ ನಾನು ಹೇಳಬೇಕಾಗಿದ್ದು, ಹೇಳದೆ ಉಳಿದದ್ದು. ತಪ್ಪು ನಮ್ಮದು ಎಂದೆ. ಅವಳು ಕಣ್ಣು ಮುಚ್ಚಿಕೊಂಡಳು. ಫೋನು ನಿಂತುಹೋಯಿತೇ ಎಂದು ನಾನು ಪರದೆ ತಟ್ಟಿ ನೋಡಿದೆ. ಆಯಿತು, ಇನ್ನು ಇವರು ನಮ್ಮವರಲ್ಲ ಎಂದುಕೊಂಡೆ.

ಆಮೇಲೆ ಅವಳು ನಿಧಾನವಾಗಿ ಮಾತಾಡಿದಳು. ಅವರ ಊರಲ್ಲೂ ಹುಳದ ಮನೆ ಬಾಗಿಲಲ್ಲಿ ನೀರಿನ ಗಡಿಗೆ ಇಡುತ್ತಾರಂತೆ, ಊರ ಹಿರಿಯ ಬಂದರೂ ತೊಳೆಯದೆ ಬಿಡುವುದಿಲ್ಲವಂತೆ. ನಮ್ಮ ಬೇಸಿನ್ನನ್ನು ಅವಳು ಗೇಟಿನ ಹತ್ತಿರದಿಂದಲೇ ನೋಡಿದ್ದಳು. ಅಂಗಿಯ ತೋಳು ಮಡಚಿಕೊಂಡು ಬಂದದ್ದು ಸೆಕೆಗಲ್ಲ, ತೊಳೆಯುವುದಕ್ಕೆ. ತನ್ನ ಸರದಿ ಬಂದಾಗ ನೀರನ್ನೇ ಪಕ್ಕಕ್ಕೆ ಸರಿಸಿದರು. ಪರರ ಮನೆಯಲ್ಲಿ ಹೇಗೆ ಕೇಳುವುದೆಂದು ಸುಮ್ಮನಾದಳು. ಅವತ್ತಿನಿಂದ ಅವಳಿಗೂ ಹುಳದ ಹೆದರಿಕೆಯೇ, ಫೋನ್ ಮಾಡಿ ಕೇಳಲು ಧೈರ್ಯ ಬರಲಿಲ್ಲ. ಕೊನೆಗೆ ಅವಳು ಹೇಳಿದ ಮಾತನ್ನು ನಮ್ಮವರಿಗೆ ದಾಟಿಸುವ ಮುನ್ನ ನಾನು ನೀರು ಕುಡಿಯಬೇಕಾಯಿತು.

"ನೀವೆಲ್ಲ ಒಂದೇ ನೀರಿನಲ್ಲಿ ಕೈ ತೊಳೆದಿರಿ," ಎಂದಿದ್ದಳು. "ನನ್ನನ್ನು ಮಾತ್ರ ತೊಳೆ ಅನ್ನಲಿಲ್ಲ. ನಾನು ಹೊರಗಿನವಳು ಎಂದು ಆಗ ಗೊತ್ತಾಯಿತು."

ಈ ಸಲ ಒಂದು ಪದವನ್ನೂ ನುಂಗದೆ ಹೇಳಿದೆ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅಧ್ಯಕ್ಷೆ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು, ಅವಳಿಗೆ ಕನ್ನಡ ಬರುವುದಿಲ್ಲ ಎನ್ನುವುದನ್ನೂ ಮರೆತು, ಪರದೆಗೆ ಮುಖ ಹತ್ತಿರ ತಂದಳು.

"ಇನ್ನೊಂದ್ ಸಲ ಬಾರೆ ತಾಯಿ," ಎಂದು, ತೊಳೆಯುವ ಹಾಗೆ ಕೈಯಾಡಿಸಿ ತೋರಿಸಿದಳು. "ಮೊಣಕೈಗಂಟ ಉಜ್ಜಿ ತೊಳುಸ್ತೀನಿ."

ನಾನು ಅದನ್ನು ಇಂಗ್ಲಿಷಿಗೆ ದಾಟಿಸುವ ಮೊದಲೇ ಅಲ್ಲಿ ಅವಳು ಅಂಗಿಯ ತೋಳು ಮೇಲಕ್ಕೆ ಮಡಚುತ್ತಿದ್ದಳು.